ಅಂಗನವಾಡಿ ಅಕ್ಕೋರು, ಆಶಾ ಅಕ್ಕ ಮುಷ್ಕರಕ್ಕೆ ಹೋದಾಗ ಊರಿನವರು ಏನು ಮಾಡಬೇಕು?

ಅಂಗನವಾಡಿಗೆ ಬೀಗ ಬಿದ್ದ ದಿನ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. "ಪಾಪ, ಅವರೂ ಹೊಟ್ಟಿಪಾಡಿಗೆ ಹೋಗ್ಯಾರ ಬಿಡ್ರಿ" ಅನ್ನುವುದು ಒಂದು. "ಅವರ ಪಗಾರದ ಜಗಳದಾಗ ನಮ್ಮ ಹುಡುಗರು ಯಾಕ ಉಪವಾಸ ಇರಬೇಕು?" ಅನ್ನುವುದು ಇನ್ನೊಂದು. ಒಂದೇ ಮನೆಯಲ್ಲಿ ಅತ್ತೆ ಒಂದು ಅಂದರೆ ಸೊಸೆ ಇನ್ನೊಂದು ಅನ್ನುತ್ತಾಳೆ. ಎರಡನ್ನೂ ತಳ್ಳಿಹಾಕುವಂತಿಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆಯ ಹಳ್ಳಿ. ನನ್ನ ವೈನಿ (ಅಣ್ಣನ ಹೆಂಡತಿ) ಆಶಾ ಕಾರ್ಯಕರ್ತೆ. ನನ್ನ ಮಗಳು ಅದೇ ಊರಿನ ಅಂಗನವಾಡಿಗೆ ಹೋಗುತ್ತಾಳೆ. ಹಾಗಾಗಿ ಎರಡೂ ಕಡೆಯ ಸಂಕಟ ನಮ್ಮ ಮನೆಯೊಳಗೇ ಇದೆ. ನಾನು ಮುಷ್ಕರ ಮಾಡುವವರ ಪರ. ಆದರೆ ಊರಿನ ಕೂಸು-ಬಾಣಂತಿಯರಿಗೆ ತೊಂದರೆ ಆದರೆ ಆ ಬೆಂಬಲಕ್ಕೆ ಬೆಲೆ ಉಳಿಯುವುದಿಲ್ಲ ಅಂತಲೂ ನಂಬಿದ್ದೇನೆ. ಸ್ತ್ರೀಶಕ್ತಿ ಸಂಘದವರು, ಸಂಜೀವಿನಿ ಒಕ್ಕೂಟದವರು, ಪಂಚಾಯ್ತಿ ಸದಸ್ಯರು, ಊರಿನ ಹುಡುಗರು ಎರಡನ್ನೂ ಹೇಗೆ ನಿಭಾಯಿಸಬಹುದು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಬೇಡಿಕೆ ಏನು ಅಂತ ಅವರ ಬಾಯಿಂದಲೇ ಕೇಳಿ

"ಸರ್ಕಾರಿ ನೌಕರರಿಗೆ ಎಷ್ಟು ಕೊಟ್ಟರೂ ಸಾಲಲ್ಲ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅಕ್ಕೋರು, ಆಶಾಗಳು ಸರ್ಕಾರಿ ನೌಕರರೇ ಅಲ್ಲ, ಜಗಳ ಇರುವುದೇ ಅಲ್ಲಿ.

ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಆಶಾ ಯೋಜನೆ ಬಂದಿದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಇಷ್ಟು ವರ್ಷವಾದರೂ ಇಬ್ಬರಿಗೂ ಸಿಗುವುದು ಸಂಬಳ ಅಲ್ಲ, ಗೌರವಧನ. ಆಶಾ ಅಂದರೆ ದಾಖಲೆಯಲ್ಲಿ ಸ್ವಯಂಸೇವಕಿ. 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರು ಅಂತ ಒಪ್ಪಿಕೊಂಡು ಕನಿಷ್ಠ ವೇತನ ಕೊಡಬೇಕು ಅಂತ ಶಿಫಾರಸು ಮಾಡಿತ್ತು. ಅದು ಕಾಗದದಲ್ಲೇ ಉಳಿಯಿತು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಹೇಳಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. ಅದೇ ವರ್ಷ ಆಶಾ ಕಾರ್ಯಕರ್ತೆಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು.

ಒಂದು ಲೆಕ್ಕ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ, ಮಗು ಹುಟ್ಟಿದ 3, 7, 14, 21, 28, 42ನೇ ದಿನ ಆಶಾ ಮನೆಗೆ ಬರಬೇಕು. ತೂಕ ನೋಡಬೇಕು, ಜ್ವರ ನೋಡಬೇಕು, ತಾಯಿ ಹಾಲು ಕುಡಿಸುವುದನ್ನು ನೋಡಬೇಕು, ಫಾರ್ಮ್ ತುಂಬಬೇಕು. ಈ ಅಷ್ಟೂ ಭೇಟಿ ಸೇರಿ ಅವಳಿಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ನಮ್ಮ ವೈನಿ ತೋಟದ ವಸ್ತಿಯಲ್ಲಿರುವ ಬಾಣಂತಿಯರ ಮನೆಗೆ ಕಬ್ಬಿನ ನಡುವಿನ ಕೆಸರು ದಾರಿಯಲ್ಲಿ ನಡೆದು ಹೋಗಿಬರುತ್ತಾರೆ. ಚಪ್ಪಲಿ ಕೈಯಲ್ಲಿ, ತೂಕದ ಜೋಲಿ ಹೆಗಲಲ್ಲಿ. ಒಂದು ಭೇಟಿ ತಪ್ಪಿದರೂ ಆ ದುಡ್ಡಿಗೆ ತಕರಾರು.

2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂತಿದ್ದು ಇದಕ್ಕೇ. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಅಂತ ಭರವಸೆ ಸಿಕ್ಕಿ ಎದ್ದರು. ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು.

ಇದನ್ನೆಲ್ಲ ಊರಿನವರಿಗೆ ನೀವು ಹೇಳುವುದಕ್ಕಿಂತ ಅವರೇ ಹೇಳಿದರೆ ಹೆಚ್ಚು ತಟ್ಟುತ್ತದೆ. ಮುಷ್ಕರಕ್ಕೆ ಒಂದು ವಾರ ಮೊದಲು ಹನುಮಪ್ಪನ ಗುಡಿ ಮುಂದೆಯೋ ಶಾಲೆಯ ಅಂಗಳದಲ್ಲೋ ಸಂಜೆ ಅರ್ಧ ತಾಸು ಕೂಡಿಸಿ. ಅಕ್ಕೋರು ಮಾತಾಡಲಿ. ಪ್ರಶ್ನೆ ಕೇಳುವವರು ಮುಖಕ್ಕೇ ಕೇಳಲಿ.

ಹೋಗುವ ಮೊದಲೇ ಊರಿನ ಪಟ್ಟಿ ಮಾಡಿಕೊಳ್ಳಿ

ಎಷ್ಟು ದಿನ, ಎಲ್ಲಿ ಅಂತ ಕೇಳಿಕೊಳ್ಳಿ. ತಾಲ್ಲೂಕಿಗೆ ಹೋಗಿ ಮನವಿ ಕೊಟ್ಟು ಸಂಜೆ ಬರುವುದೇ ಬೇರೆ, ಜಿಲ್ಲಾಧಿಕಾರಿ ಕಚೇರಿ ಮುಂದೆ ಅನಿರ್ದಿಷ್ಟಾವಧಿ ಧರಣಿ ಕೂರುವುದೇ ಬೇರೆ. ಒಂದು ದಿನದ್ದಾದರೆ ಇಲ್ಲಿ ಬರೆದ ಮುಕ್ಕಾಲು ಪಾಲು ಕೆಲಸ ನಿಮಗೆ ಬೇಕಾಗಿಲ್ಲ.

ಜಾಸ್ತಿ ದಿನ ಅಂತಾದರೆ ಒಂದು ನೋಟ್‌ಬುಕ್ ತೆಗೆದುಕೊಂಡು ಓಣಿ ಓಣಿ ತಿರುಗಿ. ಅವರ ಸರ್ಕಾರಿ ರಿಜಿಸ್ಟರ್ ಕೇಳಬೇಡಿ. ಅದಕ್ಕೆ ಅವರೇ ಜವಾಬ್ದಾರರು, ಇನ್ನೊಬ್ಬರ ಕೈಗೆ ಹೋದರೆ ನಾಳೆ ಅವರಿಗೇ ಕುತ್ತು. ತಾಯಿ ಕಾರ್ಡ್ ಹೇಗೂ ಮನೆಯಲ್ಲೇ ಇರುತ್ತದೆ, ಅದನ್ನು ನೋಡಿ ಬರೆದುಕೊಳ್ಳಿ. ಬೇಕಾಗುವುದು ಇಷ್ಟೇ: ಎಂಟು-ಒಂಬತ್ತು ತಿಂಗಳು ತುಂಬಿದ ಬಸುರಿಯರು, ಅವರ ಹೆರಿಗೆ ದಿನಾಂಕ, ಹುಟ್ಟಿ 42 ದಿನ ಆಗದ ಕೂಸುಗಳು, ಆ ವಾರ ಲಸಿಕೆ ಹಾಕಿಸಬೇಕಾದ ಮಕ್ಕಳು, ತೂಕ ಕಡಿಮೆ ಇದೆ ಅಂತ ಅಕ್ಕೋರು ಮೊದಲೇ ಹೇಳಿರುವ ಮಕ್ಕಳು.

ಇನ್ನೊಂದು ಗುಂಪು ಇದೆ, ಅದನ್ನು ಈ ನೋಟ್‌ಬುಕ್‌ನಲ್ಲಿ ಬರೆಯಬೇಡಿ. ಕ್ಷಯದ ಗುಳಿಗೆ ತೆಗೆದುಕೊಳ್ಳುವವರು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ನಡುವೆ ಬಿಡುವಂತಿಲ್ಲ. ಆದರೆ ಹೆಸರು ಊರೆಲ್ಲ ಹರಡಿದರೆ ಅವರ ಮನೆಗೆ ಜನ ಬರುವುದು ನಿಲ್ಲುತ್ತದೆ. ಆಶಾ ಹೋಗುವ ಮೊದಲು ಅವರಿಗೆ ಬೇಕಾದಷ್ಟು ದಿನದ ಗುಳಿಗೆ ಆರೋಗ್ಯ ಕೇಂದ್ರದಿಂದ ಕೊಡಿಸಿ ಹೋಗಲಿ. ಅವರೇ ಒಪ್ಪಿದ ಒಬ್ಬರು ದಿನಾ ನೆನಪು ಮಾಡಿದರೆ ಸಾಕು.

ದುಡಿಯಲು ಗೋವಾ, ಮಂಗಳೂರು, ಮಹಾರಾಷ್ಟ್ರಕ್ಕೆ ಹೋದವರ ಮಕ್ಕಳನ್ನು ಮರೆಯಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಇಂಥ ಮನೆಗಳು ಬಹಳ. ಮಗು ಆಯಿ (ಅಜ್ಜಿ) ಹತ್ತಿರ ಇರುತ್ತದೆ, ಆಯಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಆ ಮಗುವಿಗೆ ಅಂಗನವಾಡಿ ಊಟವೇ ದಿನದ ಗಟ್ಟಿ ಊಟ. ಪಟ್ಟಿಯಲ್ಲಿ ಆ ಮನೆ ಮೊದಲು ಬರಲಿ.

ಯಾವ ಕೆಲಸ ನಾವು ಮಾಡಬೇಕು, ಯಾವುದನ್ನು ಮುಟ್ಟಬಾರದು

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಅವರ ಕೆಲಸವನ್ನು ನಾವು ಮಾಡಿಬಿಟ್ಟರೆ ಮುಷ್ಕರ ಮುರಿದಂತೆ ಆಗುವುದಿಲ್ಲವಾ? ಮಾಡದಿದ್ದರೆ ಮಗು ಹಸಿದಿರುವುದಿಲ್ಲವಾ?

ನಾನು ಹಾಕಿಕೊಂಡಿರುವ ಗೆರೆ ಹೀಗಿದೆ. ಮಗುವಿನ ಹೊಟ್ಟೆ, ತಾಯಿಯ ಜೀವ, ಲಸಿಕೆ, ಔಷಧಿ: ಇವು ಊರಿನ ಜವಾಬ್ದಾರಿ, ಮುಷ್ಕರ ಇರಲಿ ಬಿಡಲಿ. ಸಮೀಕ್ಷೆ, ಆ್ಯಪ್‌ನಲ್ಲಿ ಹಾಜರಿ, ಫೋಟೋ, ವರದಿ: ಇವು ಸರ್ಕಾರಕ್ಕೆ ಬೇಕಾದ ಕೆಲಸ. ಅವು ನಿಲ್ಲಬೇಕು. ಅವು ನಿಂತಾಗಲೇ ಮೇಲಿನವರಿಗೆ ಬಿಸಿ ತಟ್ಟುವುದು.

ಇದರಿಂದ ಮೂರು ಎಚ್ಚರಿಕೆ ತಾನಾಗೇ ಬರುತ್ತವೆ. ಅಂಗನವಾಡಿ ಬೀಗ ತೆಗೆಯಬೇಡಿ. ಒಳಗಿನ ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆಗೆ ದಾಸ್ತಾನು ಪುಸ್ತಕ ಇದೆ, ಅದಕ್ಕೆ ಸಹಿ ಹಾಕಿದವರು ಅಕ್ಕೋರು. ನೀವು ಒಳ್ಳೆಯ ಮನಸ್ಸಿನಿಂದ ಎರಡು ಸೇರು ಅಕ್ಕಿ ತೆಗೆದರೂ ಲೆಕ್ಕ ತಪ್ಪುವುದು ಅವರದು. ಎರಡನೆಯದು, ಅಂಗನವಾಡಿ ಕಟ್ಟಡದ ಜಗಲಿಯಲ್ಲೂ ಊಟ ಹಾಕಬೇಡಿ. ಮಕ್ಕಳು ಅಲ್ಲಿ ಕೂತ ಒಂದು ಫೋಟೋ ಸಾಕು, "ಕೇಂದ್ರ ನಡೆಯುತ್ತಿದೆ" ಅಂತ ವರದಿ ಹೋಗಲು. ಮೂರನೆಯದು, ಪೋಷಣ್ ಟ್ರ್ಯಾಕರ್‌ಗೆ (ಅಂಗನವಾಡಿಯವರು ಹಾಜರಿ, ವರದಿ ಹಾಕುವ ಆ್ಯಪ್) ಯಾರದೋ ಫೋನಿನಲ್ಲಿ ಲಾಗಿನ್ ಆಗಲು ಯಾರಾದರೂ ಕೇಳಿದರೆ ಒಪ್ಪಬೇಡಿ.

ಮಕ್ಕಳ ಊಟ

ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಅಂತ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದಾಗಲೇ ಹೇಳಿತ್ತು. ಬಸುರಿ-ಬಾಣಂತಿಯರಿಗೆ 600 ಕ್ಯಾಲರಿ, 18ರಿಂದ 20 ಗ್ರಾಂ. ನಮ್ಮ ಅಡುಗೆಮನೆಗೆ ಇದೇನೂ ದೊಡ್ಡದಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಒಂದು ಮುಷ್ಟಿ ಶೇಂಗಾದಲ್ಲಿ ಅದಕ್ಕಿಂತ ತುಸು ಜಾಸ್ತಿ. ಹೆಸರುಬೇಳೆ ಹಾಕಿದ ಖಿಚಡಿ, ಮೇಲೆ ಒಂದು ಶೇಂಗಾ ಉಂಡಿ, ಸಾಧ್ಯವಾದರೆ ಮೊಟ್ಟೆ. ಅಷ್ಟು ಸಾಕು. ಇಡೀ ಶೇಂಗಾ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕುಟ್ಟಿ ಬೆಲ್ಲ ಹಾಕಿಯೇ ಕೊಡಿ.

ಎಲ್ಲಿ ಮಾಡುವುದು ಅನ್ನುವುದನ್ನು ಸುಮ್ನೆ ಬಿಡಬೇಡಿ, ಇಲ್ಲಿ ಊರು ಎಡವುತ್ತದೆ. ಗೌಡರ ಮನೆ ಪಡಸಾಲೆಯಲ್ಲಿ ಹಾಕಿದರೆ ಕೇರಿಯ ಮಕ್ಕಳು ಬಾಗಿಲ ಹತ್ತಿರ ನಿಂತುಬಿಡುತ್ತವೆ. ಗುಡಿಯಲ್ಲಿ ಹಾಕಿದರೆ ಕೆಲವರು ಒಳಗೇ ಬರುವುದಿಲ್ಲ. ಅಂಗನವಾಡಿಯಲ್ಲಿ ಎಲ್ಲ ಓಣಿಯ ಮಕ್ಕಳೂ ಒಂದೇ ಸಾಲಲ್ಲಿ ಕೂತು ಉಣ್ಣುತ್ತಿದ್ದವು. ಅದು ಅಕ್ಕೋರು, ಸಹಾಯಕಿ ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ. ನಾಲ್ಕು ದಿನದ ವ್ಯವಸ್ಥೆಯಲ್ಲಿ ಅದನ್ನು ಕೆಡಿಸಬಾರದು. ಸಮುದಾಯ ಭವನ ಇದ್ದರೆ ಅಲ್ಲಿ ಮಾಡಿ, ಇಲ್ಲವಾದರೆ ಎಲ್ಲರೂ ಬರುವಂಥ ಬಯಲಲ್ಲಿ ಚಪ್ಪರ ಹಾಕಿ. ಅಡುಗೆಗೆ ಬೇರೆ ಬೇರೆ ಓಣಿಯ ಹೆಣ್ಣುಮಕ್ಕಳು ಕೈ ಹಾಕಲಿ. ಯಾರಾದರೂ "ಅವರು ಮಾಡಿದ್ದು ನಮ್ಮ ಹುಡುಗ ಉಣ್ಣೂದಿಲ್ಲ" ಅಂದರೆ ಅವರಿಗಾಗಿ ಬೇರೆ ಒಲೆ ಹೂಡಬೇಡಿ.

ಖರ್ಚಿಗೆ ಪಟ್ಟಿ (ಚಂದಾ) ಎತ್ತಬಹುದು, ಆದರೆ ಮನೆಗೆ ಇಷ್ಟು ಅಂತ ಕಡ್ಡಾಯ ಮಾಡಬೇಡಿ. ಜೋಳ, ಬೇಳೆ, ಬೆಲ್ಲ, ಕಟ್ಟಿಗೆ ಕೊಡುವವರು ಸಿಗುತ್ತಾರೆ. ಪೂರ್ತಿ ಊಟ ಹೊಂದಿಸಲು ಆಗದ ಊರಲ್ಲಿ ಕನಿಷ್ಠ ತೂಕ ಕಡಿಮೆ ಇರುವ ಮಕ್ಕಳಿಗೆ, ಆಯಿ ಹತ್ತಿರ ಇರುವ ಮಕ್ಕಳಿಗೆ ನೆರೆಮನೆಯವರು ಒಬ್ಬೊಬ್ಬರನ್ನು ವಹಿಸಿಕೊಳ್ಳಿ.

ಬಸುರಿಯರು, ಕೂಸುಗಳು

ಲಸಿಕೆ ಹಾಕುವುದು ನರ್ಸಬಾಯಿ, ಆಶಾ ಅಲ್ಲ. ಆಶಾ ಮನೆಮನೆಗೆ ಹೋಗಿ ಕರೆದುಕೊಂಡು ಬರುತ್ತಾಳೆ. ಲಸಿಕೆಯ ದಿನವಾದ ಗುರುವಾರ ಆ ಕರೆಯುವ ಕೆಲಸವನ್ನು ಓಣಿಯ ಒಬ್ಬರು ಮಾಡಿದರೆ ಸಾಕು. ಒಂದು ವಾರ ತಪ್ಪಿತು ಅಂತ ಗಾಬರಿ ಬೇಡ, ಮುಂದಿನ ವಾರ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ, ಮತ್ತೆ ಮೊದಲಿಂದ ಹಾಕಬೇಕಿಲ್ಲ.

ದಿನ ತುಂಬಿದ ಬಸುರಿ ಇರುವ ಮನೆಯವರ ಹತ್ತಿರ ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಿ: ರಾತ್ರಿ ನೋವು ಬಂದರೆ ಯಾರ ಗಾಡಿ, ಜೊತೆಗೆ ಹೋಗುವ ಹೆಂಗಸು ಯಾರು. 108ಕ್ಕೆ ಕರೆ ಮಾಡುವುದು ಮೊದಲು, ಊರಿನ ಗಾಡಿ ಎರಡನೆಯದು. ರಕ್ತ ಹೋಗುವುದು, ಮುಖ-ಕೈ ಬಾತುಕೊಂಡು ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಫಿಟ್ಸ್, ನೀರು ಹೋಗುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು: ಇದರಲ್ಲಿ ಒಂದು ಕಂಡರೂ ಕಾಯಬೇಡಿ. ಹುಟ್ಟಿದ ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಎದೆ ಒಳಗೆ ಸೆಳೆಯುತ್ತಿದ್ದರೆ, ಅಂಗೈ-ಅಂಗಾಲು ಹಳದಿಯಾದರೆ ಕೂಡಲೇ ಆಸ್ಪತ್ರೆ. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೂ ಅಷ್ಟೇ. ಕೂಸು ಶಾಂತವಾಗಿದ್ದಾಗ ಫೋನಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ.

ಇಂಥ ಹೊತ್ತಲ್ಲಿ ಆಶಾಗೆ ಫೋನ್ ಮಾಡಿ ಕೇಳಬಹುದಾ? ಜೀವದ ಪ್ರಶ್ನೆ ಇದ್ದರೆ ಮಾಡಿ. ನನಗೆ ಗೊತ್ತಿರುವ ಆಶಾಗಳು ಧರಣಿಯ ಟೆಂಟ್‌ನಲ್ಲಿ ಕೂತೇ "ಮೊದಲ 108ಕ್ಕ ಹಚ್ಚ, ಆಮ್ಯಾಲ ನನಗ ಹಚ್ಚ" ಅಂತ ಹೇಳಿಕೊಟ್ಟಿದ್ದಾರೆ. ಆದರೆ ರೇಷನ್ ಕಾರ್ಡ್, ಗೃಹಲಕ್ಷ್ಮಿ ಅಂತ ದಿನಕ್ಕೆ ನಾಲ್ಕು ಸಲ ಫೋನ್ ಮಾಡಬೇಡಿ.

ಮೇಲಿನಿಂದ ಫೋನ್ ಬಂದಾಗ

ಎರಡನೇ ದಿನವೋ ಮೂರನೇ ದಿನವೋ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಗೆ ಇಲಾಖೆಯಿಂದ ಫೋನ್ ಬರಬಹುದು. "ಅಕ್ಕಾರ, ಎರಡ ದಿನ ನೀವ ಅಂಗನವಾಡಿ ನಡೆಸ್ರಿ. ನಿಮಗೂ ಏನರೆ ವ್ಯವಸ್ಥಾ ಮಾಡೋಣ." ಹೇಳುವವರು ಒಳ್ಳೆಯ ದನಿಯಲ್ಲೇ ಹೇಳುತ್ತಾರೆ, ಅವರ ಮೇಲೂ ಒತ್ತಡ ಇರುತ್ತದೆ. ಜಗಳ ಬೇಡ. "ಸಾಹೇಬ್ರ, ಹುಡುಗರ ಊಟ ನಾವು ಊರಾಗ ನೋಡ್ಕೊಂಡೇವಿ. ಅಂಗನವಾಡಿ ಅಕ್ಕೋರದು, ಅವರು ಬಂದ ಮ್ಯಾಲ ಅವರ ತೆಗೀತಾರ. ಅವರ ಬೇಡಿಕಿ ಲಗೂ ಮುಗಿಸ್ರಿ" ಅಂದರೆ ಸಾಕು. ಏನಾದರೂ ಆದೇಶ ಇದ್ದರೆ ಬರೆದು ಕಳಿಸಿ ಅಂತ ಕೇಳಿ. ಬಾಯಿಮಾತಿನ ಆದೇಶಗಳಲ್ಲಿ ಬಹಳಷ್ಟು ಅಲ್ಲಿಗೇ ನಿಲ್ಲುತ್ತವೆ.

ಅಧ್ಯಕ್ಷೆ ಒಬ್ಬರೇ ಈ ಮಾತು ಹೇಳುವ ಪರಿಸ್ಥಿತಿ ಬರಬಾರದು. ಸಂಘದ ಸಭೆಯಲ್ಲಿ ಮೊದಲೇ ಠರಾವು ಬರೆದು ಎಲ್ಲರ ಸಹಿ ಹಾಕಿಸಿಟ್ಟುಕೊಳ್ಳಿ. ಆಮೇಲೆ "ಇದು ನನ್ನೊಬ್ಬಳ ನಿರ್ಧಾರ ಅಲ್ಲರಿ" ಅನ್ನಲು ಬರುತ್ತದೆ.

ಊರೊಳಗೆ ವಿರೋಧ ಇದ್ದರೆ

ಇರುತ್ತದೆ. ಕೆಲವರದು ನಿಜವಾದ ತೊಂದರೆ: ಕೂಲಿಗೆ ಹೋಗುವ ತಾಯಿಗೆ ಮಗುವನ್ನು ಎಲ್ಲಿ ಬಿಡುವುದು ಅನ್ನುವ ಚಿಂತೆ. ಅವಳಿಗೆ ಮುಷ್ಕರದ ಮಹತ್ವ ವಿವರಿಸುವುದು ಆಮೇಲೆ, ಮೊದಲು ಆ ಮಗುವನ್ನು ನೋಡಿಕೊಳ್ಳುವವರನ್ನು ಹುಡುಕಿಕೊಡಿ.

ಕಟ್ಟೆಯ ಮೇಲೆ ಕೂತು ವಾದ ಮಾಡುವವರಿಗೆ ಕಬ್ಬಿನ ಹೋರಾಟ ನೆನಪಿಸಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತರು. ರಸ್ತೆ ಬಂದ್ ಆಯಿತು, ಓಡಾಡುವವರಿಗೆ ತೊಂದರೆ ಆಯಿತು. ಆದರೂ ಸುತ್ತಲ ಹಳ್ಳಿಗಳಿಂದ ರೊಟ್ಟಿ ಬುತ್ತಿ ಹೋಯಿತು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆ ರೊಟ್ಟಿ ಬಡಿದವರಲ್ಲಿ ಆಶಾ, ಅಂಗನವಾಡಿಯವರ ಮನೆಗಳೂ ಇದ್ದವು, ಯಾಕೆಂದರೆ ಅವರೂ ರೈತರ ಮನೆಯ ಹೆಣ್ಣುಮಕ್ಕಳೇ. ಗಂಡಸರು ಬೆಲೆಗಾಗಿ ಕೂತರೆ ಹೋರಾಟ, ಹೆಂಗಸರು ಪಗಾರಕ್ಕಾಗಿ ಕೂತರೆ ಹಟ ಅನ್ನುವುದು ನ್ಯಾಯ ಅಲ್ಲ.

ಮುಷ್ಕರಕ್ಕೆ ಹೋಗದ ಕಾರ್ಯಕರ್ತೆಯೂ ಇರಬಹುದು. ವಿಧವೆ, ಒಬ್ಬಳದೇ ದುಡಿಮೆ, ನೋಟಿಸ್ ಬಂದರೆ ಅಂತ ಭಯ. ಅವಳನ್ನು ಊರ ಮುಂದೆ ಅವಮಾನ ಮಾಡಬೇಡಿ. ಅದು ಅವಳು ಮತ್ತು ಅವಳ ಸಂಘಟನೆ ಬಗೆಹರಿಸಿಕೊಳ್ಳುವ ವಿಷಯ.

ಧರಣಿಗೆ ಹೋದವರಿಗೆ ಏನು ಕೊಡಬಹುದು

2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅವರ ನಿಜವಾದ ಖರ್ಚು ಮನೆಯಲ್ಲಿದೆ. ಎಮ್ಮೆ ಹಿಂಡುವವರು ಯಾರು, ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು, ಹಾಸಿಗೆ ಹಿಡಿದ ಮಾವನಿಗೆ ಊಟ ಕೊಡುವವರು ಯಾರು. ಸುಗ್ಗಿಯ ಹೊತ್ತಾದರೆ ಹೊಲದ ಕೆಲಸವೂ ಬೀಳುತ್ತದೆ. ನೆರೆಯವರು ಇದರಲ್ಲಿ ಒಂದನ್ನು ವಹಿಸಿಕೊಂಡರೂ ಅವಳು ಧರಣಿಯಲ್ಲಿ ನಿಶ್ಚಿಂತೆಯಿಂದ ಕೂರುತ್ತಾಳೆ. ಗಂಡ "ಸಾಕ, ಮನಿಗೆ ಬಾ" ಅಂತ ಫೋನ್ ಮಾಡುವುದೂ ಕಡಿಮೆಯಾಗುತ್ತದೆ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿ. ದಿನಗಟ್ಟಲೆ ಇರುತ್ತವೆ, ಬಿಸಿ ಮಾಡುವ ಗೋಜಿಲ್ಲ. ಚಳಿಗಾಲವಾದರೆ ಒಂದೊಂದು ಕೌದಿ. ಬೆಳಗಾವಿ ಶಹರದ ಓದುಗರಿಗೆ ಒಂದು ಮಾತು: ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ರಾಜ್ಯದ ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ಬಂದು ಟೆಂಟ್‌ನಲ್ಲಿ ಕೂರುತ್ತಾರೆ. ಅವರಿಗೆ ಊಟಕ್ಕಿಂತ ಮೊದಲು ಬೇಕಾಗುವುದು ಶೌಚಾಲಯ ಮತ್ತು ಕುಡಿಯುವ ನೀರು. ನೀರು ಕುಡಿದರೆ ಎಲ್ಲಿಗೆ ಹೋಗುವುದು ಅಂತ ಎಷ್ಟೋ ಜನ ಸಂಜೆತನಕ ನೀರೇ ಕುಡಿಯುವುದಿಲ್ಲ. ಹತ್ತಿರದಲ್ಲಿ ಮನೆ, ಮಂಗಲ ಕಾರ್ಯಾಲಯ ಇದ್ದವರು ಬಾಗಿಲು ತೆಗೆಯಿರಿ.

ದುಡ್ಡು ಕೊಡುವುದಿದ್ದರೆ ಸಂಘಟನೆಗೆ ಕೊಟ್ಟು ಪಾವತಿ ತೆಗೆದುಕೊಳ್ಳಿ.

ಊರಿನ ಹೆಸರಲ್ಲಿ ಒಂದು ಪತ್ರ

ಸರ್ಕಾರ ಮುಷ್ಕರದ ಹೊತ್ತಲ್ಲಿ ಹೇಳುವ ಮೊದಲ ಮಾತು "ಜನರಿಗೆ ತೊಂದರೆ ಆಗುತ್ತಿದೆ" ಅಂತ. ಆ ಜನ ಅಂದರೆ ನಾವು. ಹಾಗಾಗಿ ನಮ್ಮ ಮಾತನ್ನು ನಾವೇ ಬರೆದು ಕೊಡಬೇಕು. ಜಿಲ್ಲಾಧಿಕಾರಿಗೆ, ಒಂದು ಪ್ರತಿ ಶಾಸಕರಿಗೆ, ಒಂದು ಪ್ರತಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗೆ. ಹೀಗೆ ಬರೆಯಬಹುದು:

"ನಮ್ಮ ಊರಿನ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮುಷ್ಕರದಲ್ಲಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಅಂತ ನಾವು ಫಲಾನುಭವಿ ತಾಯಂದಿರು ತಿಳಿದಿದ್ದೇವೆ. ಮಕ್ಕಳಿಗೆ, ಬಸುರಿ-ಬಾಣಂತಿಯರಿಗೆ ಆಹಾರ ಒದಗಿಸುವ ಹೊಣೆಯನ್ನು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಸರ್ಕಾರದ ಮೇಲೆ ಹಾಕಿದೆ. ಆಹಾರ ಸಿಗದಿದ್ದರೆ ಅದರ 8ನೇ ಕಲಮಿನ ಪ್ರಕಾರ ಭತ್ಯೆ ಕೊಡಬೇಕಾದದ್ದೂ ರಾಜ್ಯ ಸರ್ಕಾರವೇ. ಕಾರ್ಯಕರ್ತೆಯರ ಜೊತೆ ಕೂಡಲೇ ಮಾತುಕತೆ ನಡೆಸಬೇಕು. ಮುಷ್ಕರದ ಕಾರಣಕ್ಕೆ ಯಾರ ಮೇಲೂ ಕ್ರಮ ಆಗಬಾರದು."

ಕೆಳಗೆ ತಾಯಂದಿರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು ಒಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಅವರು ವಾಪಸ್ ಬಂದ ಮೇಲೆ

ಮುಷ್ಕರ ಗೆದ್ದಿರಲಿ, ಬರೀ ಭರವಸೆ ಸಿಕ್ಕಿರಲಿ, ಬಂದ ಮೊದಲ ದಿನ ಅವರ ಮುಂದೆ ಬಾಕಿ ಕೆಲಸದ ರಾಶಿ ಇರುತ್ತದೆ. ನಿಮ್ಮ ನೋಟ್‌ಬುಕ್ ಅವರಿಗೆ ಕೊಡಿ: ಯಾವ ಕೂಸಿಗೆ ಲಸಿಕೆ ಆಯಿತು, ಯಾರದು ಉಳಿಯಿತು, ಯಾರಿಗೆ ಹೆರಿಗೆ ಆಯಿತು, ಯಾವ ಆಸ್ಪತ್ರೆ. ಉಳಿದ ಮಕ್ಕಳನ್ನು ಮುಂದಿನ ಗುರುವಾರ ತಾಯಂದಿರೇ ಕರೆದುಕೊಂಡು ಬಂದರೆ ಆಶಾಗೆ ಅರ್ಧ ಓಡಾಟ ತಪ್ಪುತ್ತದೆ.

ಗೌರವಧನ ಕಡಿತವೋ ನೋಟಿಸೋ ಬರುವುದು ಸಾಮಾನ್ಯವಾಗಿ ಆಮೇಲೆ, ಪೇಪರಿನವರು ಮರೆತ ಮೇಲೆ. ಆದ್ದರಿಂದ ಒಂದೆರಡು ತಿಂಗಳು ಬಿಟ್ಟು "ಅಕ್ಕೋರ, ಪೂರ್ತಿ ಪಗಾರ ಬಂತೇನ್ರಿ?" ಅಂತ ಕೇಳಿ. ಬಂದಿಲ್ಲ ಅಂದರೆ ಸೀಲು ಹಾಕಿಸಿಟ್ಟುಕೊಂಡ ಆ ಪ್ರತಿ ತೆಗೆಯಿರಿ, ಅದರ ದಿನಾಂಕ ನಮೂದಿಸಿ ಎರಡನೇ ಪತ್ರ ಬರೆಯಿರಿ, ಗ್ರಾಮಸಭೆಯ ನಡಾವಳಿಯಲ್ಲೂ ಅದನ್ನು ಸೇರಿಸಿ ಅಂತ ಪಿಡಿಒಗೆ ಹೇಳಿ.